ಪುಕೆಕೊಹೆಯ ಫೈನಲ್‌ಗೆ ಬೆನ್ನು ಹಾಕಿ ನಿಂತದ್ದು

ಈ ಪ್ರವಾಸಕ್ಕೆ ನನಗೆ ಬಿದ್ದ ಖರ್ಚು ಎಡಗಡೆಯ ಅರ್ಧ ಮೀಸೆ. ವಿಮಾನದ ಟಿಕೆಟ್ಟಿನ ಮಾತು ಬಿಡಿ, ಅದರ ದುಡ್ಡನ್ನು ಹೋಗುವವರೆಲ್ಲ ಕೊಟ್ಟೇ ಕೊಡುತ್ತಾರೆ. ಆದರೆ ಈ ಮೀಸೆಯನ್ನು ನಾನು ಇಪ್ಪತ್ತೆರಡನೇ ವಯಸ್ಸಿನಿಂದ ಸಾಕಿದ್ದೆ. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅದನ್ನು ನೋಡಿ ಎದುರಿನವರು ದರ ಇಳಿಸುತ್ತಿದ್ದರು. ಅಂಥ ಮೀಸೆ ಹೋದದ್ದು ರಗ್ಬಿ ಲೀಗ್ ಫೈನಲ್ ನೋಡಲು ಹೋಗಿ. ಫೈನಲ್ ನೋಡಿದೆಯಾ ಎಂದು ಕೇಳುತ್ತೀರಿ. ಅದನ್ನೇ ಹೇಳಲು ಕೂತಿದ್ದೇನೆ.

ಹುಬ್ಬಳ್ಳಿ, ಬೆಳಗಿನ ಏಳೂವರೆ

ಮೊದಲು ಈ ಹುಚ್ಚು ಹತ್ತಿದ್ದು ಹೇಗೆ ಎಂದು ಹೇಳಬೇಕು. ನಾನು ಉಳ್ಳಾಗಡ್ಡಿ ದಲಾಲಿ. ನೀವು ಈರುಳ್ಳಿ ಅನ್ನಿ, ತಪ್ಪಿಲ್ಲ. ಮೂವತ್ತೈದು ವರ್ಷ ಅನ್ನ ಹಾಕಿದ್ದನ್ನು ನಾನು ಮನೆಯ ಹೆಸರಿನಿಂದಲೇ ಕರೆಯುತ್ತೇನೆ. ಮಾರ್ಕೆಟ್ಟಿಗೆ ಬಂದಾಗ ನನ್ನ ಕೈಯಲ್ಲಿದ್ದದ್ದು ಒಂದು ದಬ್ಬಣ, ಒಂದು ಉಂಡೆ ಸುತಳಿ. ಚೀಲ ಹೊಲಿಯುತ್ತಾ ಹೊಲಿಯುತ್ತಾ ವ್ಯಾಪಾರ ಕಲಿತೆ, ಆಮೇಲೆ ಅಂಗಡಿ ಹಾಕಿದೆ. ಒಂದೇ ವಿಷಯದಲ್ಲಿ ನನಗೆ ಗರ್ವ. ಎಷ್ಟೇ ಖಾರದ ಉಳ್ಳಾಗಡ್ಡಿ ಹೆಚ್ಚಿದರೂ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ಇದ್ದ ನೀರೆಲ್ಲ ಮೊದಲ ಎರಡು ವರ್ಷದಲ್ಲೇ ಖಾಲಿಯಾಯಿತು.

ನನ್ನ ಅಕ್ಕನ ಮಗ ಮಂಜು ಓದಲೆಂದು ನ್ಯೂಜಿಲೆಂಡಿಗೆ ಹೋದವನು ಅಲ್ಲೇ ನೆಲೆಯೂರಿದ. ಆಕ್ಲೆಂಡಿನ ದಕ್ಷಿಣಕ್ಕೆ ಪುಕೆಕೊಹೆ ಎಂಬ ಊರಿದೆ. ಅಲ್ಲಿ ತರಕಾರಿ ತೊಳೆದು ಚೀಲಕ್ಕೆ ತುಂಬುವ ಕಂಪನಿಯಲ್ಲಿ ಅವನು ಮೇಲ್ವಿಚಾರಕ. ಮೂರು ವರ್ಷದ ಹಿಂದೆ ಅವನೊಂದು ವಿಡಿಯೊ ಕಳಿಸಿದ. ಮೊದಲು ಕೆಂಪು ಮಣ್ಣಿನ ಹೊಲ, ಸಾಲುಸಾಲು ಉಳ್ಳಾಗಡ್ಡಿ. ನನಗೆ ತವರು ಕಂಡಂತಾಯಿತು. ಕೊನೆಗೆ ಆ ಊರಿನ ರಗ್ಬಿ ಲೀಗ್ ತಂಡದ ಆಟ. ಕಂದು-ಬಿಳಿ ಪಟ್ಟೆಯ ಅಂಗಿ ತೊಟ್ಟ ಆ ಹುಡುಗರನ್ನು ಊರವರು ಪ್ರೀತಿಯಿಂದ ಆನಿಯನ್ಸ್ ಎಂದು ಕರೆಯುತ್ತಾರಂತೆ. ಉಳ್ಳಾಗಡ್ಡಿ ತಂಡ! ಭೂಮಿಯ ಮೇಲೆ ನನಗೆಂದೇ ಒಂದು ತಂಡ ಇರುವುದನ್ನು ಐವತ್ತೈದು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಕಬಡ್ಡಿ ಗೊತ್ತಿದ್ದವರಿಗೆ ಈ ಆಟ ತಿಳಿಯಲು ಐದು ನಿಮಿಷ ಸಾಕು. ಒಬ್ಬ ಚೆಂಡನ್ನು ಅಪ್ಪಿಕೊಂಡು ಎದುರಾಳಿಗಳ ನಡುವೆ ನುಗ್ಗುತ್ತಾನೆ, ಅವರು ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಎದುರಿನ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ನಾಲ್ಕು ಅಂಕ. ಅದಕ್ಕೆ ಟ್ರೈ ಅನ್ನುತ್ತಾರೆ. ಆಮೇಲೆ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಇನ್ನೆರಡು. ಕಬಡ್ಡಿ ಕಬಡ್ಡಿ ಎಂದು ಉಸಿರು ಹಿಡಿಯಬೇಕಾಗಿಲ್ಲ. ಹಿಡಿಯಲು ಉಸಿರೇ ಉಳಿದಿರುವುದಿಲ್ಲ.

ಅಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದರೆ ನಮ್ಮಲ್ಲಿ ಬೆಳಗಿನ ಏಳೂವರೆ. ಲಿಲಾವು, ಅಂದರೆ ಹರಾಜು, ಶುರುವಾಗಲು ಇನ್ನೂ ಹೊತ್ತಿರುತ್ತದೆ. ಮಂಜು ಮೈದಾನದ ಅಂಚಿನಲ್ಲಿ ನಿಂತು ಫೋನಿನಲ್ಲಿ ಆಟ ತೋರಿಸುತ್ತಿದ್ದ, ನಾನು ಅಂಗಡಿಯಲ್ಲಿ ತಕ್ಕಡಿಗೆ ಫೋನ್ ಆನಿಸಿ ನೋಡುತ್ತಿದ್ದೆ. ಒಂದು ತಿಂಗಳಲ್ಲಿ ಹಮಾಲರೆಲ್ಲ ಹಿಂದೆ ಬಂದು ನಿಂತರು. ಅವರಲ್ಲಿ ಹಿರಿಯ ಬಸಪ್ಪನ ವೀಕ್ಷಕ ವಿವರಣೆ ಯಾವ ಟಿವಿಯಲ್ಲೂ ಸಿಗುವಂಥದ್ದಲ್ಲ.

"ಸಾವ್ಕಾರ್ರ, ಆ ದಪ್ಪನ್ನಾಂವನ್ನ ನಮ್ ಲಾರಿಗೆ ಕರಸ್ರಿ. ನಾಕ್ ಮಂದಿ ಜೋತ್ ಬಿದ್ರೂ ನಡದ ಹೊಂಟಾನಂದ್ರ ಐದ್ ಚೀಲದ ಆಳ್ರಿ ಅಂವ!"

ಈ ವರ್ಷ ಆನಿಯನ್ಸ್ ಫೈನಲ್ ತಲುಪಿತು. ಮಂಜು ಅಲ್ಲಿಗೆ ಹೋದ ಮೇಲೆ ಇದೇ ಮೊದಲು. ಆ ದಿನ ಬಸಪ್ಪ ಚೀಲ ಇಳಿಸಿ ನನ್ನ ಮುಂದೆ ಕೂತ. "ಸಾವ್ಕಾರ್ರ, ಫೋನ್ದಾಗ ಎಲ್ಲಾ ಇರಿವಿ ಕಂಡಂಗ ಕಾಣತಾವ. ನೀವ ಹೋಗ್ರಿ. ಕಣ್ಣಾರೆ ನೋಡ್ಕೊಂಡ ಬಂದು ಪೂರ್ತಿ ಹೇಳ್ರಿ. ನಮ್ಮ ಪೈಕಿ ಒಬ್ಬರರ ನೋಡಿದ್ರ ಎಲ್ಲಾರೂ ನೋಡಿಧಂಗ."

ಕಣ್ಣಾರೆ ನೋಡಿಕೊಂಡು ಬರುತ್ತೇನೆ ಎಂದು ನಾನು ಅಲ್ಲೇ ಮಾತು ಕೊಟ್ಟೆ. ಅದೇ ವಾರ ಟೇಲರ್ ಹತ್ತಿರ ಕಂದು-ಬಿಳಿ ಪಟ್ಟೆಯ ಅಂಗಿಯನ್ನೂ ಹೊಲಿಸಿದೆ. ಅಂಥ ಬಟ್ಟೆ ಅವನ ಹತ್ತಿರ ಇದ್ದದ್ದು ಪೈಜಾಮದ ಥಾನಿನಲ್ಲಿ ಮಾತ್ರ. ನಾನು ಚೌಕಾಸಿ ಮಾಡಿ ಅದೇ ಬಟ್ಟೆಯ ಪ್ಯಾಂಟನ್ನೂ ಪುಕ್ಕಟೆ ಹೊಲಿಸಿಕೊಂಡೆ.

ಆಕ್ಲೆಂಡ್, ಬೂಟು ತೊಳೆಯುವ ಕೌಂಟರ್

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ನಿಮ್ಮ ಪೆಟ್ಟಿಗೆಯಲ್ಲಿ ಬಂಗಾರ ಇದೆಯೇ ಎಂದು ಯಾರಿಗೂ ಚಿಂತೆಯಿಲ್ಲ. ಮಣ್ಣು ಇದೆಯೇ ಎಂದು ಕೇಳುತ್ತಾರೆ. ಬೇರೆ ದೇಶದ ಮಣ್ಣಿನ ಜೊತೆ ಬೆಳೆಯ ರೋಗ ಬರುತ್ತದೆ ಎಂಬ ಭಯ. ನಾನು ಮಾರ್ಕೆಟ್ಟಿನಲ್ಲಿ ಹಾಕುವ ಬೂಟನ್ನೇ ತಂದಿದ್ದೆ. ಅದರ ಅಟ್ಟೆಗೆ ಮೂರು ಜಿಲ್ಲೆಯ ಮಣ್ಣು ಮೆತ್ತಿತ್ತು. ಇದೆ ಎಂದು ಒಪ್ಪಿಕೊಂಡೆ.

ಸಮವಸ್ತ್ರದ ಹೆಣ್ಣುಮಗಳು ಬೂಟನ್ನು ತಿರುಗಿಸಿ ನೋಡಿದಳು. "ಸರ್, ಇದನ್ನು ನಾವು ಒಳಗೆ ಒಯ್ಯಬೇಕು" ಎಂದಳು. ಹೋಯಿತು ಬೂಟು ಅಂದುಕೊಂಡೆ. ಹತ್ತು ನಿಮಿಷದಲ್ಲಿ ಅದು ಫಳಫಳ ಹೊಳೆಯುತ್ತಾ ವಾಪಸು ಬಂತು. ಅಟ್ಟೆಯ ಗೀರುಗೀರಿನಿಂದ ಮಣ್ಣು ತೆಗೆದು, ಔಷಧಿ ಹೊಡೆದು, ಒರೆಸಿ ಕೊಟ್ಟಿದ್ದರು.

"ಎಷ್ಟಾಯಿತು?" ಎಂದೆ.

"ಏನೂ ಇಲ್ಲ. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್."

ನನಗೆ ಹೊಟ್ಟೆ ಉರಿಯಿತು. ಮನೆಯಲ್ಲಿ ಇನ್ನೂ ನಾಲ್ಕು ಜೊತೆ ಇದ್ದವು.

ಪುಕೆಕೊಹೆ, ಮಾಲಿಕನಿಲ್ಲದ ಅಂಗಡಿ

ಮರುದಿನ ಮಂಜು ಊರು ತೋರಿಸಲು ಹೊರಟ. ಹಿಂದಿನ ಸೀಟಿನಲ್ಲಿ ಅವನ ಎಂಟು ವರ್ಷದ ಮಗಳು ಅನ್ವಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಬೈದರೆ ತಿಳಿಯುತ್ತದೆ, ತಿರುಗಿ ಬೈದರೆ ನಮಗೆ ತಿಳಿಯುವುದಿಲ್ಲ. ಒಳ್ಳೆಯ ವ್ಯವಸ್ಥೆ.

ಹೊಲದ ಬದಿಯಲ್ಲಿ ಒಂದು ತಗಡಿನ ಗೂಡು ಕಂಡಿತು. ಅದರಲ್ಲಿ ಬಲೆಚೀಲದಲ್ಲಿ ಉಳ್ಳಾಗಡ್ಡಿ, ಪಕ್ಕದಲ್ಲಿ ದರ ಬರೆದ ಹಲಗೆ, ಒಂದು ಡಬ್ಬಿ. ಮಾಲಿಕನಿಲ್ಲ. ಹಣ ಡಬ್ಬಿಯಲ್ಲಿ ಹಾಕಿ ಚೀಲ ಒಯ್ಯಬೇಕಂತೆ.

"ಮಾಲಿಕ ಯಾವಾಗ ಬರ್ತಾನ?" ಎಂದೆ.

"ಬರೂದಿಲ್ರಿ ಮಾಮಾ. ನಂಬಿಕಿ ಮ್ಯಾಲ ನಡೀತೈತಿ."

"ಮತ್ತ ನಾ ಯಾರ ಕೂಡ ಚೌಕಾಸಿ ಮಾಡ್ಲಿ?"

ನಾನು ಉಳ್ಳಾಗಡ್ಡಿ ಕೈಗೆತ್ತಿಕೊಂಡೆ. ಸಿಪ್ಪೆ ಗಟ್ಟಿ, ಕೊರಳು ಸಣ್ಣ, ಒಣಗಿಸಿದ್ದು ಹದವಾಗಿತ್ತು. ಹಲಗೆಯ ಮೇಲಿನ ದರ ಸರಿಯಾಗಿಯೇ ಇತ್ತು. ಆದರೆ ಬರೆದ ದರಕ್ಕೆ ಕೊಂಡರೆ ರಾತ್ರಿ ನಿದ್ದೆ ಬರಬೇಕಲ್ಲ? ಆದ್ದರಿಂದ ನಾನೇ ಕೊಳ್ಳುವವನಾಗಿ ಅರ್ಧಕ್ಕೆ ಕೇಳಿದೆ, ಗೂಡಿನ ಆಚೆ ಬದಿಗೆ ಹೋಗಿ ನಾನೇ ಮಾರುವವನಾಗಿ "ಏನ್ ಮಾತ್ರಿ ಇದು, ಮಾಲ್ ನೋಡ್ರಿ" ಎಂದೆ. ಹೀಗೆ ನಾಲ್ಕು ಸಲ ಆಚೆ ಈಚೆ ಓಡಾಡಿದೆ. ಮಾರುವುದರಲ್ಲಿ ನನ್ನ ಕೈ ಪಳಗಿದೆ. ಕೊನೆಗೆ ಹಲಗೆಯ ಮೇಲೆ ಬರೆದದ್ದಕ್ಕಿಂತ ಒಂದು ಡಾಲರ್ ಹೆಚ್ಚಿಗೆ ಡಬ್ಬಿಗೆ ಬಿತ್ತು.

"ಡ್ಯಾಡ್, ಅಜ್ಜ ಲಾಸ್ಟ್ ಟು ಹಿಮ್‌ಸೆಲ್ಫ್" ಎಂದಳು ಅನ್ವಿ.

ಆ ಸಂಜೆ ಮಂಜು ಫೋನ್ ಹಿಡಿದು ಬಂದ. "ಮಾಮಾ, ನಂದು ಅನ್ವಿದು ಫೈನಲ್ ಟಿಕೆಟ್ ಆನ್‌ಲೈನ್‌ದಾಗ ತಗೊಂಡೆ. ನಿಮ್ದೂ ಒತ್ತಿ ಬಿಡ್ಲಿ?"

ಇಲ್ಲಿ ನಾನು ಮಾಡಿದ ತಪ್ಪನ್ನು ಮಾರ್ಕೆಟ್ಟಿನಲ್ಲಿ ಬೆಳೆದವನು ಮಾತ್ರ ಮಾಡಬಲ್ಲ. ಸಂತೆಯಲ್ಲಿ ಮುಂಜಾನೆ ಕೊಂಡವನು ಪೂರ್ತಿ ದರ ಕೊಡುತ್ತಾನೆ, ಹೊತ್ತು ಮುಳುಗುವಾಗ ಬಂದವನಿಗೆ ಕರೆದು ಕರೆದು ಕೊಡುತ್ತಾರೆ. ಇದು ನನ್ನ ಬದುಕಿನ ಸೂತ್ರ.

"ಹುಚ್ಚಪ್ಯಾಲಿ, ಈಗ್ಯಾಕ ತಗೊಂತಿ? ಆಟ ಸುರು ಆಗಿ ಹತ್ತು ನಿಮಿಷ ಆಗ್ಲಿ. ಉಳಿದಿದ್ದನ್ನ ಅವರ ಕರದು ಕೊಡ್ತಾರ."

"ಮಾಮಾ, ಇದು ಕೊತ್ತಂಬರಿ ಅಲ್ರಿ."

"ಎಲ್ಲಾ ಕೊತ್ತಂಬರಿನ. ಹೊತ್ತು ಮುಣುಗಿದ್ರ ಬಾಡತೈತಿ."

ಗೇಟು

ಫೈನಲ್ ನಮ್ಮ ಊರಲ್ಲೇ ಇತ್ತು. ನಮ್ಮ ಊರು ಅಂದೆ ನೋಡಿ, ಮೂರನೇ ದಿನಕ್ಕೇ. ಎದುರಾಳಿಗಳು ಆಕ್ಲೆಂಡಿನ ಪಶ್ಚಿಮದ ನ್ಯೂ ಲಿನ್‌ನವರು, ನೀಲಿ ಅಂಗಿ. ಅವರ ಬೆಂಬಲಿಗರು ರೈಲು ತುಂಬಿ ಬಂದಿದ್ದರು. ಅರ್ಧ ಜನ ಮಳೆಕೋಟು ಹಾಕಿದ್ದರು, ಇನ್ನರ್ಧ ಜನ ಚಡ್ಡಿ ಬನಿಯನ್ನಿನಲ್ಲಿದ್ದರು, ಕೆಲವರು ಬರಿಗಾಲಿನಲ್ಲಿ. ಈ ದೇಶದಲ್ಲಿ ಹವೆ ಎಲ್ಲರಿಗೂ ಒಂದೇ ಅಲ್ಲ, ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುತ್ತಾರೆ.

ಆಟ ಶುರುವಾಯಿತು. ಮಂಜು, ಅನ್ವಿ ಒಳಗೆ ಹೋದರು. ನಾನು ಹೊರಗೆ ನಿಂತು ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷ ಬಿಟ್ಟು, ಹಳದಿ ಜಾಕೀಟಿನ ಗೇಟಿನವನ ಹತ್ತಿರ ಸೋಮಾರಿಯಂತೆ ಹೋದೆ. ಬೇಕಾದವನಂತೆ ಹೋಗಬಾರದು, ದರ ಏರುತ್ತದೆ.

"ಏನಾದರೂ ಉಳಿದಿದೆಯಾ?" ಎಂದೆ, ಆಕಾಶ ನೋಡುತ್ತಾ.

"ಸೋಲ್ಡ್ ಔಟ್, ಮೇಟ್. ನಿನ್ನೆಯೇ."

ಆಕಾಶ ಬಿಟ್ಟು ಅವನನ್ನು ನೋಡಿದೆ. ಅರ್ಧ ಆಟಕ್ಕೆ ಅರ್ಧ ದರ ಎಂದೆ. ಇಲ್ಲ ಎಂದ. ಕೂರುವುದಿಲ್ಲ, ನಿಂತು ನೋಡುತ್ತೇನೆ ಎಂದೆ. ಇಲ್ಲ ಎಂದ. ಒಂಟಿ ಕಾಲಲ್ಲಿ ಎಂದೆ. ಅವನು ನಕ್ಕ, ಆದರೂ ಇಲ್ಲ ಎಂದ. ಮಂಜು ಬೇಲಿಯ ಹತ್ತಿರ ಓಡಿ ಬಂದು ಟಿಕೆಟ್ಟಿನ ಗುರುತಿಗೆ ತನ್ನ ಕೈಗೆ ಅಂಟಿಸಿದ್ದ ಕಾಗದದ ಪಟ್ಟಿ ಬಿಚ್ಚಲು ನೋಡಿದ. ಬಿಚ್ಚಿದರೆ ಹರಿಯುವಂತೆ ಮಾಡಿದ್ದರು. ನನ್ನಂಥವರನ್ನು ಅವರು ಮೊದಲೂ ಕಂಡಿರಬೇಕು.

ಒಳಗಿನಿಂದ ಜನ ಹೋ ಎಂದರು. ಅಲ್ಲಿ ಏನೋ ಆಯಿತು, ನಾನು ನೋಡಲಿಲ್ಲ. ಬಸಪ್ಪನ ಮುಖ ಕಣ್ಣ ಮುಂದೆ ಬಂತು. ಹುಬ್ಬಳ್ಳಿಯಿಂದ ಇಲ್ಲಿಗೆ ಬಂದು ಗೇಟು ನೋಡಿಕೊಂಡು ಹೋದೆ ಎಂದು ಹೇಳಬೇಕೆ?

ಆಗ ನನ್ನ ಮೂಗಿಗೆ ಸುಡುವ ಉಳ್ಳಾಗಡ್ಡಿಯ ವಾಸನೆ ಬಡಿಯಿತು. ಬೇಲಿಯ ಒಳಗೆ, ಮೈದಾನದ ಮೂಲೆಯಲ್ಲಿ, ಕ್ಲಬ್ಬಿನ ಸಹಾಯಾರ್ಥ ಸಾಸೇಜ್ ಸುಡುವ ಒಲೆ. ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಮೇಲೆ ಹುರಿದ ಉಳ್ಳಾಗಡ್ಡಿ ಹಾಕಿ ಕೊಡುವುದು ಇಲ್ಲಿಯ ಎಲ್ಲ ಜಾತ್ರೆಯ ಪ್ರಸಾದ. ಅರವತ್ತು ದಾಟಿದ ಒಬ್ಬ ಮಾವೊರಿ, ಅಂದರೆ ಈ ನೆಲದ ಮೂಲನಿವಾಸಿ, ಹೆಂಗಸು ಒಬ್ಬರೇ ಒದ್ದಾಡುತ್ತಿದ್ದರು. ಅವರು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ರೀತಿ ನೋಡಿ ನನಗೆ ಸಂಕಟವಾಯಿತು. ಒಂದು ಹೋಳು ಹಲಗೆಯಷ್ಟು ದಪ್ಪ, ಇನ್ನೊಂದು ಕಾಗದ.

"ಮೇಡಂ, ಹಾಗಲ್ಲ!" ಎಂದು ಬೇಲಿಯಾಚೆಯಿಂದ ಕೂಗಿದೆ. "ಬೇರಿನ ತುದಿ ಬಿಡಿ, ಅಡ್ಡ ಹಿಡಿಯಿರಿ!"

ಅವರು ಕಣ್ಣೊರೆಸಿಕೊಂಡು ತಿರುಗಿ ನೋಡಿದರು. ಅವರ ಇಂಗ್ಲಿಷನ್ನು ನನಗೆ ತಿಳಿದಷ್ಟು ಕನ್ನಡಕ್ಕೆ ಇಳಿಸುತ್ತೇನೆ. "ಏ ಪೈಜಾಮ ಅಂಕಲ್, ಬಾಯಿಯಲ್ಲಿ ಎಲ್ಲರೂ ಹೆಚ್ಚುತ್ತಾರೆ. ಕೈಯಲ್ಲಿ ಬರುತ್ತದಾ? ನನ್ನ ಜೊತೆ ಕೆಲಸ ಮಾಡುವ ಇಬ್ಬರು ಜ್ವರ ಬಂದು ಮಲಗಿದ್ದಾರೆ. ಕೆಲಸದವರ ಕೈಗೆ ಅಂಟಿಸುವ ಪಟ್ಟಿ ನನ್ನ ಹತ್ತಿರ ಎರಡು ಉಳಿದಿವೆ."

ಇವರೇ ಹಿನೆ ಆಂಟಿ. ಇಡೀ ಪುಕೆಕೊಹೆಗೆ ಆಂಟಿ. ಗೇಟಿನವನಿಗೂ ಆಂಟಿ, ರೆಫರಿಗೂ ಆಂಟಿ.

ವ್ಯಾಪಾರ ಕುದುರಿಸಲು ಕೂತೆವು. ಅವರು ಆಟ ಮುಗಿಯುವವರೆಗೆ ಅಂದರು, ನಾನು ಕಾಲು ಗಂಟೆ ಅಂದೆ. ಅವರು ವಿರಾಮದವರೆಗೆ ಅಂದರು. ಮೇಜಿನ ಕೆಳಗೆ ನೋಡಿದೆ, ಇದ್ದದ್ದು ಒಂದೇ ಒಂದು ಚೀಲ. ನನ್ನ ಕೈಗೆ ಅದು ಇಪ್ಪತ್ತು ನಿಮಿಷದ ಕೆಲಸ. ಒಳಗೊಳಗೇ ನಗುತ್ತಾ ಷರತ್ತು ಇಟ್ಟೆ. "ಹೊತ್ತಿನ ಮಾತು ಬೇಡ ಆಂಟಿ. ಉಳ್ಳಾಗಡ್ಡಿ ಮುಗಿಯುವವರೆಗೆ ಹೆಚ್ಚುತ್ತೇನೆ. ಮುಗಿದ ಕ್ಷಣ ನಾನು ಸ್ವತಂತ್ರ."

ಅವರು ಎರಡೂ ಹುಬ್ಬು ಮೇಲಕ್ಕೆತ್ತಿದರು. ಇದು ಏನಪ್ಪಾ ಎಂದು ಮಂಜುವನ್ನು ನೋಡಿದೆ. "ಹೂಂ ಅಂದ್ರು ಮಾಮಾ. ಇಲ್ಲಿ ಹುಬ್ಬ ಎತ್ತಿದ್ರ ಹೌದು ಅಂತ" ಎಂದ.

ಹುಬ್ಬಿನ ಮೇಲೆ ನಾನು ವ್ಯಾಪಾರ ಮುಗಿಸುವವನಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಬೇಲಿಯ ಮೇಲಿಂದ ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದೆ. ನಮ್ಮ ಹಳೇ ಸಂತೆಗಳಲ್ಲಿ ದರ ಕುದುರುವುದು ಹೀಗೆ, ಟವೆಲ್ಲಿನ ಕೆಳಗೆ, ಬೆರಳು ಒತ್ತಿ. ಒಮ್ಮೆ ಕೈ ಒತ್ತಿದರೆ ಆಕಾಶ ಬಿದ್ದರೂ ಮಾತು ಮುರಿಯುವಂತಿಲ್ಲ. ಬಿಡಿಸಬೇಕೆಂದರೆ ಅದೇ ಎರಡು ಕೈ, ಅದೇ ಟವೆಲ್ಲಿನ ಕೆಳಗೆ ಮತ್ತೆ ಸೇರಿ ಬೆರಳು ಬಿಚ್ಚಬೇಕು. ಇದನ್ನೆಲ್ಲ ವಿವರಿಸಿದೆ. ಆಂಟಿ ಗಂಭೀರವಾಗಿ ಕೇಳಿಸಿಕೊಂಡರು. "ಒಳ್ಳೇದು. ಮಾತು ಅಂದರೆ ಮಾತು" ಎಂದು ನನ್ನ ಕೈಯನ್ನು ಒತ್ತಿದರು. ಆ ಒತ್ತಿಗೆ ನನ್ನ ಉಂಗುರ ಇಂದಿಗೂ ಮೊಟ್ಟೆಯಾಕಾರದಲ್ಲಿದೆ.

ಒಲೆಯ ಮುಂದೆ

ಪಟ್ಟಿ ಕೈಗೆ ಅಂಟಿಸಿಕೊಂಡು ಗೇಟು ದಾಟಿದ ಮೇಲೆ ಗೊತ್ತಾಯಿತು, ಮೂವತ್ತೈದು ವರ್ಷದ ಅನುಭವಸ್ಥ ದಲಾಲಿ ನಾನು ಎರಡು ವಿಷಯ ಕೇಳಲು ಮರೆತಿದ್ದೆ. ಮೊದಲನೆಯದು, ನಿಲ್ಲುವುದು ಯಾವ ಕಡೆ ಮುಖ ಮಾಡಿ? ಗಿರಾಕಿಗಳ ಸಾಲು ಗೇಟಿನ ಕಡೆಯಿಂದ ಬರುತ್ತಿತ್ತು. ಹಾಗಾಗಿ ಒಲೆಯ ಹಿಂದೆ ನಿಂತವನ ಬೆನ್ನು ಮೈದಾನಕ್ಕೆ. ಎಂಟು ಹೆಜ್ಜೆ ಹಿಂದೆ ಫೈನಲ್ ನಡೆಯುತ್ತಿತ್ತು, ನನ್ನ ಮುಂದೆ ಟೊಮೆಟೊ ಸಾಸಿನ ಬಾಟಲಿ ಇತ್ತು. ಬೆರಳ ಹತ್ತಿರ ಚಾಕು ಹಾರುತ್ತಿರುವಾಗ ತಿರುಗಿ ನೋಡುವ ಹಾಗೂ ಇಲ್ಲ.

ಇರಲಿ, ಇಪ್ಪತ್ತು ನಿಮಿಷ ತಾನೆ ಎಂದು ಚಾಕು ಆಡಿಸಿದೆ. ಆಂಟಿ ಬಾಯಿ ತೆರೆದು ನೋಡಿದರು. "ಅಳುವುದೇ ಇಲ್ಲವಲ್ಲೋ ನೀನು!"

"ನನ್ನ ಕಣ್ಣಿನ ನೀರು ಮೂವತ್ಮೂರು ವರ್ಷದ ಹಿಂದೆ ಮುಗಿಯಿತು ಆಂಟಿ."

ಚೀಲದ ತಳ ಕಂಡಿತು. ಕೊನೆಯ ಉಳ್ಳಾಗಡ್ಡಿ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಒಂದು ಯೂಟ್ ಬಂದು ನಿಂತಿತು. ಹಿಂದೆ ಸಾಮಾನು ಹೇರುವ ಆ ಗಾಡಿಯಿಂದ ಒಬ್ಬ ಮುದುಕ ರೈತ ಇಳಿದು, ಎರಡು ಚೀಲ ಉಳ್ಳಾಗಡ್ಡಿಯನ್ನು ನನ್ನ ಕಾಲ ಬಳಿ ಇಳಿಸಿ ಟೊಪ್ಪಿಗೆ ಮುಟ್ಟಿ ಹೋದ.

"ಇದೇನು ಆಂಟಿ?"

"ಇಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ ಅಂಕಲ್. ಮನೆಯಲ್ಲಿ ಬೆಳೆದದ್ದನ್ನು ಸ್ವಲ್ಪ ತಂದುಕೊಡುತ್ತಾರೆ."

ಬೆಳೆದದ್ದು! ಆ ಊರಿನಲ್ಲಿ ಏನು ಬೆಳೆಯುತ್ತಾರೆ ಎಂದು ನಿಮಗೆ ಆಗಲೇ ಹೇಳಿದ್ದೇನೆ. ನಾನು ಕೇಳಲು ಮರೆತ ಎರಡನೆಯ ವಿಷಯ ಅದು. ಆಮೇಲೆ ಒಂದು ಕುಟುಂಬ ಅರ್ಧ ಚೀಲ ತಂದಿತು. ಒಬ್ಬ ಅಜ್ಜಿ ಮಡಿಲಲ್ಲಿ ನಾಲ್ಕು ಗಡ್ಡೆ ತಂದು, ಕೂಸನ್ನು ಕೊಡುವ ಹಾಗೆ ನನ್ನ ಕೈಗೆ ಕೊಟ್ಟಳು. ಬೇರೆ ಯಾವ ದಿನವಾಗಿದ್ದರೂ ಆ ಮಾಲು ನೋಡಿ ನಾನು ಕುಣಿಯುತ್ತಿದ್ದೆ.

ಹಿಂದಿನಿಂದ ಹೋ ಎಂದಾಗಲೆಲ್ಲ ಸಾಲಿನಲ್ಲಿ ನಿಂತವರನ್ನು ಕೇಳುತ್ತಿದ್ದೆ, ಏನಾಯಿತು? ಇಲ್ಲಿಯವರು ವರ್ಣನೆಯಲ್ಲಿ ಜಿಪುಣರು. "ಯೆ, ನಾಟ್ ಬ್ಯಾಡ್" ಎಂದ ಒಬ್ಬ. ಆಗ ನಮ್ಮವರು ಅರ್ಧ ಮೈದಾನ ಓಡಿ ಟ್ರೈ ಹೊಡೆದಿದ್ದರಂತೆ. ನೀಲಿ ಅಂಗಿಯ ಒಬ್ಬ ನ್ಯೂ ಲಿನ್ ಆಸಾಮಿ ಮಾತ್ರ ಧಾರಾಳಿ. "ಅಯ್ಯೋ ಅಂಕಲ್, ನಿಮ್ಮವರು ಎಪ್ಪತ್ತು ಅಂಕ ಹಿಂದೆ. ಇಬ್ಬರು ಅಳುತ್ತಾ ಮನೆಗೆ ಹೋದರು. ಉಳ್ಳಾಗಡ್ಡಿ ಇನ್ನಷ್ಟು ಹಾಕು."

ವಿರಾಮದಲ್ಲಿ ಮಂಜು, ಅನ್ವಿ ಬಂದರು. ಕೂಗಿ ಕೂಗಿ ಮಂಜುವಿನ ದನಿ ಒಡೆದಿತ್ತು. "ಮಾಮಾ, ಎಂಥಾ ಆಟ ರೀ! ಹತ್ತು ನಿಮಿಷಕ್ಕ ಕರದು ಕೊಡ್ತಾರ ಅಂದಿದ್ರಿ. ಕರದಾರ ನೋಡ್ರಿ, ಉಳ್ಳಾಗಡ್ಡಿ ಹೆಚ್ಚಾಕ!"

"ಭಾಳ ಮಾತಾಡಬ್ಯಾಡ. ಅಂಕ ಹೇಳು."

"ಹನ್ನೆರಡಕ್ಕೆ ಎಂಟು, ಅವರು ಮುಂದ ಅದಾರ. ನೀವು ಸರೀರಿ, ನಾ ಹೆಚ್ತೇನಿ. ನೀವ ಹೋಗಿ ನೋಡ್ರಿ."

ನಾನು ತಲೆಯಾಡಿಸಿದೆ. ಟವೆಲ್ಲಿನ ಕೆಳಗೆ ಹೋದದ್ದು ನನ್ನ ಕೈ.

"ಅಜ್ಜಾ, ಯು ಲುಕ್ ಲೈಕ್ ಯು ಗಾಟ್ ಔಟ್ ಆಫ್ ಬೆಡ್ ಟು ಕುಕ್" ಎಂದಳು ಅನ್ವಿ.

ವಿರಾಮದ ನಂತರ ನನಗೊಂದು ಉಪಾಯ ಹೊಳೆಯಿತು. ಪಾತ್ರೆಯ ದೊಡ್ಡ ಸ್ಟೀಲ್ ಮುಚ್ಚಳವನ್ನು ಒರೆಸಿ, ಒಲೆಯ ಆಚೆ ಸಾಸ್ ಬಾಟಲಿಗೆ ಆನಿಸಿ ಕನ್ನಡಿ ಮಾಡಿದೆ. ಕಂಡಿತು ಫೈನಲ್! ಸಾಸೇಜಿಗಿಂತ ಸಣ್ಣ ಆಟಗಾರರು. ಆದರೆ ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂಬುದು ಉತ್ಸಾಹದಲ್ಲಿ ಮರೆತುಹೋಯಿತು. ನಮ್ಮ ಐದು ಚೀಲದ ಆಳು ಚೆಂಡು ಹಿಡಿದು ಎಡ ಮೂಲೆಗೆ ನುಗ್ಗುತ್ತಿದ್ದ, ನಾನು "ಬಲಕ್ಕೆ! ಬಲಕ್ಕೆ ಯಾರೂ ಇಲ್ಲ!" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಿರುಚುತ್ತಿದ್ದೆ. ಪುಣ್ಯಕ್ಕೆ ಅವನಿಗೆ ಕೇಳಿಸಲಿಲ್ಲ. ಇನ್ನೂ ಚೆನ್ನಾಗಿ ಕಾಣಲಿ ಎಂದು ಮುಚ್ಚಳದ ಕಡೆ ಬಾಗಿದೆ. ಆಗ ಒಂದು ಸಾಸೇಜ್ ಒಡೆದು ಕೊಬ್ಬು ಸಿಡಿಯಿತು, ಬೆಂಕಿ ಭಗ್ಗೆಂದಿತು.

ಮುಚ್ಚಳದಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಬಲ ಮೀಸೆ ಉರಿಯುತ್ತಿದೆ ಎಂದು ಬಲಗಡೆ ಬಡಿದುಕೊಂಡೆ. ಉರಿಯುತ್ತಿದ್ದದ್ದು ಎಡ.

ಆಂಟಿ ಒದ್ದೆ ಬಟ್ಟೆ ಒತ್ತಿದರು. ನ್ಯೂ ಲಿನ್ ಆಸಾಮಿ ಮೂಗು ಅರಳಿಸಿ, "ಅದರ ಮೇಲೆ ಸಾಸ್ ಬೇಡ" ಎಂದ.

ಮೂಲೆಯ ಬಾವುಟ

ಇನ್ನು ಎರಡೇ ನಿಮಿಷ ಎಂದು ಮೈಕಿನಲ್ಲಿ ಕೂಗಿದರು. ಹದಿನೆಂಟಕ್ಕೆ ಹದಿನಾಲ್ಕು, ಆನಿಯನ್ಸ್ ಹಿಂದೆ, ಚೆಂಡು ಆನಿಯನ್ಸ್ ಕೈಯಲ್ಲಿ. ನನ್ನ ಮುಂದೆ ಇನ್ನೂ ಅರ್ಧ ಚೀಲ. ಹೋಳು ದಪ್ಪವಾಗತೊಡಗಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ.

"ಹೋಗು ಅಂಕಲ್" ಎಂದರು ಆಂಟಿ.

"ಉಳ್ಳಾಗಡ್ಡಿ ಮುಗಿದಿಲ್ಲ ಆಂಟಿ."

"ಹೋಗು ಅಂದೆ!"

"ಮಾತು ಕೊಟ್ಟಿದ್ದೇನೆ."

ಆಂಟಿ ಚಿಮಟವನ್ನು ಮೇಜಿನ ಮೇಲೆ ಕುಕ್ಕಿದರು. ನನ್ನ ಹೆಗಲಿನಿಂದ ಟವೆಲ್ ಎಳೆದರು, ಚಾಕು ಕಿತ್ತಿಟ್ಟರು, ನಮ್ಮಿಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿದರು. ಕೆಳಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ಐದೂ. ನಮ್ಮ ಸಂತೆಯ ಹಳೇ ಮುದುಕರೂ ಅಷ್ಟು ಸರಿಯಾಗಿ ಬಿಚ್ಚುತ್ತಿರಲಿಲ್ಲ.

"ಈಗ ಓಡು!"

ಎಂಟು ಹೆಜ್ಜೆಯನ್ನು ಮೂರರಲ್ಲಿ ಮುಗಿಸಿ ಮೈದಾನದ ಅಂಚಿನ ಹಗ್ಗದ ಬಳಿ ನಿಂತೆ. ಮೂಲೆಯ ಬಾವುಟ ನನ್ನ ಕೈಗೆ ಸಿಗುವಷ್ಟು ಹತ್ತಿರ. ಆರನೆಯ ಹಿಡಿತಕ್ಕೆ ಮೊದಲು ಚೆಂಡು ನಮ್ಮ ಅಂಚಿನ ಓಟಗಾರನ ಕೈಗೆ ಬಂತು. ಸಣಕಲ ಹುಡುಗ, ಒಂದೂವರೆ ಚೀಲದ ಆಳು. ಇಬ್ಬರು ನೀಲಿಗಳು ಅವನ ಸೊಂಟಕ್ಕೆ ಬಿದ್ದರು. ಅವನು ಅಡ್ಡಲಾಗಿ ಗಾಳಿಯಲ್ಲಿ ಮಲಗಿದ, ನನ್ನ ಮೊಣಕಾಲ ಮುಂದೆ ಚೆಂಡನ್ನು ನೆಲಕ್ಕೆ ಒತ್ತಿದ. ಕೆಸರು ಹಾರಿ ನನ್ನ ಪೈಜಾಮವೆಲ್ಲ ಕೆಂಪಾಯಿತು. ಟ್ರೈ! ಹದಿನೆಂಟು, ಹದಿನೆಂಟು. ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಂಡು ಕೂತಿದ್ದ ಮಂಜುವಿನ ಮುಂದೆ ಆಗ ಆರೂವರೆ ಅಡಿಯ ಒಬ್ಬ ಎದ್ದು ನಿಂತಿದ್ದನಂತೆ. ಅವನಿಗೆ ಕಂಡದ್ದು ಒಂದು ಬೆನ್ನು ಮಾತ್ರ.

ಉಳಿದದ್ದು ಆ ಕೊನೆಯ ಒದೆತ. ಅದೂ ಮೂಲೆಯಿಂದ, ಅತಿ ಕಷ್ಟದ ಜಾಗದಿಂದ. ಒದೆಯುವ ಹುಡುಗ ನನ್ನಿಂದ ಮೂರು ಮಾರು ದೂರದಲ್ಲಿ ಚೆಂಡು ನಿಲ್ಲಿಸಿದ. ಹಿಂದೆ ಹೆಜ್ಜೆ ಇಟ್ಟ. ಇಡೀ ಮೈದಾನ ಗಪ್‌ಚುಪ್. ಸಾಸೇಜಿನ ಚುರ್ ಚುರ್ ಕೇಳುತ್ತಿತ್ತು.

ಇದನ್ನು ನೋಡಲೆಂದೇ ನಾನು ಬಂದಿದ್ದೆ. ಇಡೀ ಮಧ್ಯಾಹ್ನ ಇದಕ್ಕೇ ಒದ್ದಾಡಿದ್ದೆ, ಇದಕ್ಕೇ ಮೀಸೆ ಸುಟ್ಟುಕೊಂಡಿದ್ದೆ. ಆದರೆ ಆಗಲಿಲ್ಲ. ಕತ್ತು ತಾನಾಗಿ ತಿರುಗಿತು. ಹಗ್ಗ ಹಿಡಿದುಕೊಂಡು ಫೈನಲ್‌ಗೆ ಮತ್ತೆ ಬೆನ್ನು ಹಾಕಿ ನಿಂತೆ. ಈ ಸಲ ಯಾರೂ ನಿಲ್ಲಿಸಿರಲಿಲ್ಲ, ನಾನಾಗಿಯೇ ನಿಂತೆ. ಎದುರಿಗೆ ಒಲೆಯ ಹೊಗೆ, ಹೊಗೆಯ ಹಿಂದೆ ಹಿನೆ ಆಂಟಿ.

ಚೆಂಡಿಗೆ ಕಾಲು ಬಡಿದ ಸದ್ದು. ಆಂಟಿಯ ಕಣ್ಣು ಮೇಲಕ್ಕೆ ಹೋಯಿತು, ಮೇಲೆ, ಮೇಲೆ, ಅಲ್ಲೇ ನಿಂತಿತು. ನಾನು ಉಸಿರು ಬಿಡಲಿಲ್ಲ.

ಆಂಟಿ ನನ್ನನ್ನು ನೋಡಿ ಎರಡೂ ಹುಬ್ಬು ಮೇಲಕ್ಕೆತ್ತಿದರು.

ಆಮೇಲೆ ಚಿಮಟ ಆಕಾಶಕ್ಕೆ ಹಾರಿತು. ಕಂದು-ಬಿಳಿ ಅಂಗಿಗಳೆಲ್ಲ ಹಗ್ಗ ಹಾರಿ ಬಂದವು. ಯಾರೋ ನನ್ನನ್ನು ಎತ್ತಿಕೊಂಡರು. ನೋಡಿದರೆ ಐದು ಚೀಲದ ಆಳು! ಅವನ ತೋಳಿನಲ್ಲಿ ನಾನು ಅರ್ಧ ಚೀಲವೂ ತೂಗಲಿಲ್ಲ. ಕೆಳಗಿಳಿಸಿದಾಗ ನನ್ನ ಕೆನ್ನೆಯೆಲ್ಲ ಒದ್ದೆ. ಸೋತ ಮುಖದ ನ್ಯೂ ಲಿನ್ ಆಸಾಮಿ ಕೈಕುಲುಕಲು ಬಂದವನು ನೋಡಿ, "ಉಳ್ಳಾಗಡ್ಡಿಯಾ ಅಂಕಲ್?" ಎಂದು ಕಾಗದದ ಕರವಸ್ತ್ರ ಕೊಟ್ಟ.

"ಹೌದು ಹೌದು" ಎಂದೆ. "ಬಹಳ ಖಾರ."

ಹಿನೆ ಆಂಟಿ ಕೇಳಿಸಿಕೊಂಡರು. ಹುಬ್ಬು ಮಾತ್ರ ಎತ್ತಲಿಲ್ಲ.

ಹ್ಯಾಮಿಲ್ಟನ್

ಮಂಜುವಿನ ಹೆಂಡತಿ ದೀಪಾ ಹ್ಯಾಮಿಲ್ಟನ್‌ನ ಆಸ್ಪತ್ರೆಯಲ್ಲಿ ನರ್ಸ್. ಮರುದಿನ ಅವಳ ಪಾಳಿ ಮುಗಿಯುವ ಹೊತ್ತಿಗೆ ಕಾರಿನಲ್ಲಿ ಹೋದೆವು. ಅವಳು ತುಟಿಗೆ ಮುಲಾಮು ಹಚ್ಚಿ, "ಗಾಯ ಏನಿಲ್ರಿ ಮಾಮಾ, ಆದರ ಉಳಿದರ್ಧ ಮೀಸಿ ತೆಗೀರಿ. ಎದುರಿನವರಿಗೆ ಮಾತಾಡಾಕ ಆಗೂದಿಲ್ಲ" ಎಂದಳು. ತೆಗೆದೆ. ಸಂಜೆ ವಿಡಿಯೊ ಕರೆಯಲ್ಲಿ ನನ್ನ ಹೆಂಡತಿ ಒಂದು ಕ್ಷಣ ನೋಡಿ, "ಮಂಜು ಎಲ್ಲಿದಾನ್ರಿ? ಸ್ವಲ್ಪ ಅವನ ಮಾಮಾನ ಕೈಯಾಗ ಫೋನ್ ಕೊಡಾಕ ಹೇಳ್ರಿ" ಎಂದಳು.

ಬಸಪ್ಪನ ಕರೆಯೂ ಬಂತು. ಹಿಂದೆ ಇಡೀ ಹಮಾಲರ ದಂಡು. "ಕಣ್ಣಾರೆ ನೋಡಿದ್ರೇನ್ರೀ ಸಾವ್ಕಾರ್ರ?"

ಆ ಎರಡು ನಿಮಿಷವನ್ನು ಮುಕ್ಕಾಲು ಗಂಟೆ ಹೇಳಿದೆ. ಕೊನೆಯ ಒದೆತದ ಚೆಂಡು ಎಡಗಂಬವನ್ನು ಸವರಿಕೊಂಡು ಒಳಗೆ ಹೋಯಿತು ಎಂದೂ ಹೇಳಿದೆ. ಅದು ಅನ್ವಿ ಹೇಳಿದ್ದು. ಅವಳು ಅಪ್ಪನ ಹೆಗಲ ಮೇಲೆ ಹತ್ತಿ ನೋಡಿದ್ದಳು. ಓದುವವರು ದಯವಿಟ್ಟು ಬಸಪ್ಪನಿಗೆ ಹೇಳಬೇಡಿ.

ಹೋಗುವವರಿಗೆ

ನೀವು ಹೋಗುವುದಾದರೆ ಟಿಕೆಟ್ಟನ್ನು ಮೊದಲೇ ತೆಗೆಯಿರಿ. ಫೈನಲ್ ಕೊತ್ತಂಬರಿ ಅಲ್ಲ. ಮಂಜುವಿಗೆ ಇದನ್ನು ಎದುರಿಗೆ ಹೇಳಿಲ್ಲ, ಇಲ್ಲಿ ಬರೆದು ಮುಗಿಸಿದ್ದೇನೆ.

ಮನೆಯಲ್ಲಿರುವ ಕೊಳಕು ಬೂಟುಗಳನ್ನೆಲ್ಲ ಒಯ್ಯಿರಿ, ಇವೆ ಎಂದು ನಿಜ ಹೇಳಿ. ಮಾಲಿಕನಿಲ್ಲದ ಗೂಡಿನಲ್ಲಿ ಬರೆದ ದರ ಕೊಟ್ಟು ಸುಮ್ಮನೆ ಬನ್ನಿ, ನಿಮ್ಮ ಎದುರು ನೀವೇ ಗೆಲ್ಲುವುದು ಕಷ್ಟ. ಯಾರ ಜೊತೆಗಾದರೂ ಕೆಲಸದ ಕರಾರು ಮಾಡಿಕೊಂಡರೆ ಮಾಲು ಎಷ್ಟಿದೆ ಎನ್ನುವುದರ ಜೊತೆಗೆ ಇನ್ನೆಷ್ಟು ಬರಲಿದೆ ಎಂದೂ ಕೇಳಿ. ಮುಖ ಯಾವ ಕಡೆ ಎಂದು ಅದಕ್ಕೂ ಮೊದಲು ಕೇಳಿ. ಹೆಗಲ ಮೇಲೊಂದು ಟವೆಲ್ ಇರಲಿ. ಹಿನೆ ಆಂಟಿ ನನ್ನದನ್ನು ಇಟ್ಟುಕೊಂಡರು, ಈಗ ಕ್ಲಬ್ಬಿನ ಸಭೆಯಲ್ಲಿ ಎಲ್ಲರ ಕೈ ಅದರ ಕೆಳಗೇ ಒತ್ತಿಸಿಕೊಳ್ಳುತ್ತಾರಂತೆ.

ಕೊನೆಯದು, ಮುಖ್ಯವಾದದ್ದು. ಮೈದಾನಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ. ಇಲ್ಲಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಅಲ್ಲೇ ಗೂಡಿನಲ್ಲಿ ಕೊಂಡುಕೊಳ್ಳಿ. ನನ್ನ ಹಾಗೆ ಕಣ್ಣೀರು ಮುಗಿದಿದೆ ಎಂದು ನೀವು ಎಷ್ಟೇ ನಂಬಿದ್ದರೂ, ತಂಡ ನಿಮ್ಮದಾಗಿದ್ದರೆ, ಕೊನೆಯ ನಿಮಿಷದಲ್ಲಿ ಪಕ್ಕದವರಿಗೆ ತೋರಿಸಲು ಒಂದು ಕಾರಣ ಕೈಯಲ್ಲಿರಬೇಕು.